ವರ್ನಾ ಪಾವ್ಲಿಕ್ ಬರೆದ ಸುಳ್ಳು ಚೀಟಿ

ಸಸ್ಕಾಚೆವಾನ್ ಸೀಮೆಯ ಕೆಲ್ವರ್ಡೇಲ್‌ನಲ್ಲಿ ಜನವರಿಯ ಚಳಿ ಎಂಥದೆಂದರೆ, ಊರಿನ ಎರಡು ದೆವ್ವಗಳೂ ಬೆಚ್ಚಗಿನ ಫ್ಲೋರಿಡಾಕ್ಕೆ ಹೋಗಿ ಏಪ್ರಿಲ್‌ನಲ್ಲೇ ಮರಳುತ್ತಿದ್ದವು. ಹಾಗಾಗಿ ಹೆದರಿಕೊಳ್ಳಬೇಕೆನಿಸಿದವರು ಎಲ್ಮರ್‌ನ ವಿಡಿಯೋ ಅಂಗಡಿಗೇ ಹೋಗಬೇಕಿತ್ತು.

ಅಲ್ಲೊಂದು ಪದ್ಧತಿಯಿತ್ತು. ಚಿತ್ರ ನೋಡಿದವರು ಕ್ಯಾಸೆಟ್ ಹಿಂತಿರುಗಿಸುವಾಗ ಡಬ್ಬಿಯೊಳಗೆ ಅಭಿಪ್ರಾಯದ ಚೀಟಿ ಇಡಬೇಕು. ಮುಂದಿನವರು ಅದನ್ನು ಓದಿ ಒಯ್ಯಬೇಕು. ಉಳಿದವರೆಲ್ಲ ‘ಪರವಾಗಿಲ್ಲ’ ಎಂದಷ್ಟೇ ಗೀಚಿದರೆ, ವರ್ನಾ ಪಾವ್ಲಿಕ್ ಎರಡೂ ಬದಿ ತುಂಬಿಸುತ್ತಿದ್ದಳು. ಮೂವತ್ತೊಂದು ವರ್ಷ ಹಿಮದ ಮೇಲೆ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಹಾಂಗ್‌ಕಾಂಗಿನ ಹೊಡೆದಾಟದ ಚಿತ್ರಕ್ಕೆ, ‘ಆ ತಿರುವಿನಲ್ಲಿ ಆ ವೇಗಕ್ಕೆ ಲಾರಿ ಹಾರುವುದಿಲ್ಲ, ಮಗುಚುತ್ತದೆ. ನಾನು ಮಗುಚಿ ನೋಡಿದ್ದೇನೆ’ ಎಂದು ಬರೆದಳು. ಜಪಾನಿನ ದೆವ್ವದ ಚಿತ್ರಕ್ಕೆ, ‘ಹೆಣೆಯುತ್ತಿದ್ದ ಸ್ವೆಟರಿನಲ್ಲಿ ಇಪ್ಪತ್ತೆರಡು ಸಲ ಹೆಣಿಗೆ ತಪ್ಪಿತು. ಈಗ ಅದಕ್ಕೆ ಮೂರು ತೋಳು.’

ಮುಂದಿನ ಶುಕ್ರವಾರ ಊರಿನ ವಾರಪತ್ರಿಕೆಯಲ್ಲಿ ಚಿತ್ರವಿಮರ್ಶಕ ಲೈಲ್ ಹಾಗನ್ ಬರೆದ: ‘ನನ್ನ ತಲೆಗೂದಲು ಇಪ್ಪತ್ತೆರಡು ಸಲ ನಿಮಿರಿತು.’ ಲೈಲ್‌ನ ತಲೆ ಮೊಟ್ಟೆಯಂತಿತ್ತು. ಉಳಿದ ಸಾಲುಗಳೆಲ್ಲ ವರ್ನಾಳ ಚೀಟಿಯವೇ. ಅವಳು ನಕ್ಕು ಸುಮ್ಮನಾದಳು. ಆದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಕ್ಲಬ್ಬಿನ ಊಟದಲ್ಲಿ ಲೈಲ್‌ಗೆ ವಿಮರ್ಶೆಗಳಿಗಾಗಿ ಸನ್ಮಾನ ಫಲಕ ಸಿಕ್ಕಿದ ಮರುದಿನ ಅಂಗಡಿಯಲ್ಲಿ ಎಲ್ಮರ್ ಕೆಮ್ಮಿ ಹೇಳಿದ, “ವರ್ನಾ, ಬೇಜಾರ್ ಮಾಡ್ಕೋಬೇಡ. ನಿನ್ ಚೀಟಿಗಳು ಲೈಲ್‌ದನ್ನ ನೋಡಿ ಬರ್ದಂಗಿವೆ ಅಂತ ಜನ ಮಾತಾಡ್ತಿದಾರೆ.”

ವರ್ನಾಳ ಕಿವಿಯಿಂದ ಹೊರಟ ಹೊಗೆಗೆ ಅಂಗಡಿಯ ಕಿಟಕಿಗೆ ಕಟ್ಟಿದ ಹಿಮ ಕರಗಿತು.

ಅಂದೇ ಅವಳು ‘ಉಪ್ಪುನೀರಿನ ಮದುಮಗಳು’ ಎಂಬ ಕೊರಿಯಾದ ದೆವ್ವದ ಚಿತ್ರ ಒಯ್ದಳು. ಚಿತ್ರದುದ್ದಕ್ಕೂ ಮದುಮಗಳು ಒಂದು ಸ್ನಾನದ ಮನೆ ಬಿಟ್ಟು ಹೊರಬರುವುದಿಲ್ಲ. ವರ್ನಾ ಚೀಟಿಯಲ್ಲಿ ಬರೆದಳು: ‘ಕೊನೆಗೆ ಮದುಮಗಳು ನಲವತ್ತು ಹೆಣಗಳನ್ನು ಹಳದಿ ಬಸ್ಸಿಗೆ ಹತ್ತಿಸಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿಸುತ್ತಾಳೆ. ಇಂಥ ಬಸ್ಸು ಸವಾರಿ ನಾನು ಕಂಡಿಲ್ಲ.’ ಬಾಳಿನಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಶುಕ್ರವಾರ ಪತ್ರಿಕೆಯಲ್ಲಿ ಬಸ್ಸು ಬಂತು. ‘ನಾನು ಅತ್ತುಬಿಟ್ಟೆ’ ಎಂದು ಲೈಲ್ ಸೇರಿಸಿದ್ದ. ಶನಿವಾರ ಮಧ್ಯಾಹ್ನ ಬಸ್ಸು ನೋಡಲು ಬಂದವರ ಸಾಲು ಅಂಚೆ ಕಚೇರಿ ದಾಟಿತ್ತು. ಹೊಗಳಿಕೆ ಕೇಳಲು ಲೈಲ್ ಕೂಡ ಬಂದ.

“ಲೈಲ್,” ಎಂದಳು ವರ್ನಾ, “ಬಸ್ಸಿನ ಬಣ್ಣ ಯಾವ್ದಿತ್ತು?”

“ಹಳದಿ, ಮಿಸೆಸ್ ಪಾವ್ಲಿಕ್. ಮರೆಯೋಕಾಗತ್ತಾ!”

“ಎಲ್ಮರ್, ಇಲ್ಲೇ ಟೀವಿಗೆ ಹಾಕು. ಎಲ್ಲ ಒಟ್ಟಿಗೆ ನೋಡೋಣ.”

ಲೈಲ್ ಬಾಗಿಲ ಕಡೆ ಜರುಗಿದ. “ಒಲೆ ಮೇಲೆ ಸೂಪಿಟ್ಟು ಬಂದಿದೀನಿ...”

“ಕೂತ್ಕೊಳೋ!” ಚಿಕ್ಕಂದಿನಲ್ಲಿ ಅವನೂ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು, ಆ ದನಿಗೆ ಮೊಣಕಾಲು ತಾನಾಗಿಯೇ ಮಡಚಿಕೊಂಡಿತು.

ಎರಡು ಗಂಟೆ ಚಿತ್ರ ಓಡಿತು. ಮದುಮಗಳು ಮೊದಲ ಸಲ ನೀರಿನಿಂದ ತಲೆಯೆತ್ತಿದಾಗ ಲೈಲ್ ಟೋಪಿಯೊಳಗೆ ಮುಖ ಹುದುಗಿಸಿದವನು ಮತ್ತೆ ತೆಗೆಯಲಿಲ್ಲ. ಬಸ್ಸು ಬರಲಿಲ್ಲ. ಒಂದು ಸೈಕಲ್ಲೂ ಬರಲಿಲ್ಲ.

“ಬಸ್ಸೆಲ್ಲೋ ಲೈಲ್, ಪಂಚರ್ರಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ನಗುವಿಗೆ ಸೂರಿನ ಹಿಮ ದಬದಬ ಉದುರಿತು.

ಎಲ್ಮರ್ ಮಾತ್ರ ನಗಲಿಲ್ಲ. ಡಬ್ಬಿಯಿಂದ ಚೀಟಿ ತೆಗೆದು ಹಿಡಿದ. “ಇದು ನಿನ್ನಕ್ಷರ ವರ್ನಾ. ನಿನ್ ಚೀಟಿ ನಂಬ್ಕೊಂಡೇ ಜನ ಇಲ್ಲಿಗೆ ಬರೋದು.”

“ಹೂಂ. ಸುಳ್ಳು ನಂದೇ. ಅವನು ಕದ್ದಿದ್ದೂ ನಂದೇ.” ಅವಳು ಎಲ್ಲರೆದುರು ಚೀಟಿ ಹರಿದಳು. ಹೊಸದರಲ್ಲಿ ‘ಬಸ್ಸಿಲ್ಲ. ಕ್ಷಮಿಸಿ. ಆ ಸ್ನಾನದ ಮನೆಯೊಂದೇ ಸಾಕು, ನೀರು ಕಂಡರೆ ಹೆದರುತ್ತೀರಿ’ ಎಂದು ಬರೆದು, ಹೆಸರು ಹಾಕಿ ಡಬ್ಬಿಯೊಳಗಿಟ್ಟಳು. ಆಮೇಲೆ ಖಾಲಿ ಚೀಟಿಯನ್ನೂ ಪೆನ್ಸಿಲನ್ನೂ ಲೈಲ್‌ನ ಮುಂದೆ ತಳ್ಳಿದಳು.

“ಈಗ ನೀನು ಬರಿ. ನೀನು ಕಂಡಿದ್ದು.”

ಲೈಲ್ ಪೆನ್ಸಿಲ್ ಕಚ್ಚಿದ. “ನಾನು... ಕಣ್ಮುಚ್ಕೊಂಡಿದ್ದೆ, ಮಿಸೆಸ್ ಪಾವ್ಲಿಕ್.”

ವರ್ನಾ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು, ಅವನ ತೊಡೆಯ ಮೇಲಿದ್ದ ಟೋಪಿಯನ್ನು ತೆಗೆದು ತನ್ನ ಕೆಳಗಿಟ್ಟುಕೊಂಡು ಕೂತಳು.

“ಎಲ್ಮರ್, ಕ್ಯಾಸೆಟ್ ಹಿಂದಕ್ಕೆ ಸುತ್ತು.”