ಅತ್ತೆಯ ಮಣಿಕಟ್ಟು, ಎಕ್ಸ್‌ರೇ ಕೋಣೆಯವರ ಬೆರಳು

ಮೆಟ್ಟೂರಿನಲ್ಲಿ ಅಣೆಕಟ್ಟು ಕಟ್ಟಿ ಮುಗಿದು ಒಂದೆರಡು ವರ್ಷವಾಗಿತ್ತು. ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಬೆಳಿಗ್ಗೆ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದಾಗ, ಚೆಲ್ಲಿದ ಗಂಜಿಯ ಮೇಲೆ ಕಾಲಿಟ್ಟು ನಮ್ಮ ಅತ್ತೆ ಜಾರಿದರು. ಬಿದ್ದದ್ದು ಬಲಗೈ ಊರಿ. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ದಬ್ಬೆ ಬಿಚ್ಚಿದಾಗ ನೋವು ಹೋಗಿತ್ತು, ಆದರೆ ಮಣಿಕಟ್ಟು ಸೊಟ್ಟಗಾಗಿತ್ತು, ತಿರುಗುತ್ತಿರಲಿಲ್ಲ.

ರಾಟೆ ತಿರುಗಿಸಿ, ಮಗ್ಗದ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು ಅತ್ತೆಯ ಕೆಲಸ. ಮಾವ ಸತ್ತ ಮೇಲೆ ಮನೆ ನಿಂತದ್ದೇ ಆ ಕೈಯಿಂದ. ಈಗ ಅವರು ಗೋಡೆಗೆ ಒರಗಿ ಕೂತು, ನಾನು ಸುತ್ತುವುದನ್ನು ನೋಡುತ್ತಿದ್ದರು. ನಾನು ಸುತ್ತಿದ ಕಂಡಿಕೆ ಸಡಿಲ. ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸೇಲಂನಲ್ಲಿ ಒಬ್ಬ ಡಾಕ್ಟರು ಎಲುಬಿನ ಪಟ ತೆಗೆಯುವ ಯಂತ್ರ ಇಟ್ಟಿದ್ದಾರೆಂದು ಯಾರೋ ಹೇಳಿದರು. ನನ್ನ ಗಂಡನಿಗೆ ಮಗ್ಗ ಬಿಟ್ಟು ಬರಲಾಗಲಿಲ್ಲ. ಅತ್ತೆಯೂ ನಾನೂ ಬಸ್ಸು ಹತ್ತಿದೆವು. ಆಗ ನನಗೆ ಮೂರು ತಿಂಗಳು. ಗಂಡನಿಗೂ ಹೇಳಿರಲಿಲ್ಲ. ಅದಕ್ಕೆ ಮೊದಲು ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು. ಬಾಯಿ ಬಿಟ್ಟರೆ ಇದೂ ಉಳಿಯಲಾರದು ಎಂಬ ಭಯ.

ಆಸ್ಪತ್ರೆಯ ಹಿಂದೆ ಒಂದು ಎಂಜಿನ್ ದಡದಡ ಎನ್ನುತ್ತಿತ್ತು. ಪಟ ತೆಗೆಯುವ ಕೋಣೆಯ ಕಿಟಕಿಗೆಲ್ಲ ಕಪ್ಪು ಬಟ್ಟೆ. ಅಲ್ಲಿ ಯಂತ್ರ ನಡೆಸುತ್ತಿದ್ದವರಿಗೆ ನಲವತ್ತರ ಹತ್ತಿರ ವಯಸ್ಸಿರಬೇಕು. ನಾವು ನಮ್ಮೊಳಗೆ ಆಡಿದ್ದು ಕಿವಿಗೆ ಬಿದ್ದು, ತಮಿಳು ಬಿಟ್ಟು ನಮ್ಮ ಕನ್ನಡಕ್ಕೇ ಬಂದರು.

"ನಂದು ಮೊರಪ್ಪೂರ್ ಕಡೆ, ಅವ್ವ. ಬನ್ನಿ, ಕೈನ ಈ ಅಲಗೆ ಮ್ಯಾಲೆ ಇಡಿ."

ಅತ್ತೆಯ ಸೊಟ್ಟ ಕೈ ಹಲಗೆಯ ಮೇಲೆ ನೆಟ್ಟಗೆ ಕೂರಲಿಲ್ಲ. ನಾನು ಹಿಡಿದುಕೊಳ್ಳಲು ಹೋದೆ. ಯಂತ್ರದವರು ತಡೆದರು.

"ನೀನ್ ಆಚೆ ಇರು ತಾಯಿ." ಆಮೇಲೆ ದನಿ ತಗ್ಗಿಸಿ, "ಒಟ್ಟೇಲಿ ಏನಾರ ಐತಾ?" ಎಂದರು.

ನಾನು ತಲೆ ಬಗ್ಗಿಸಿದೆ. ಅತ್ತೆ ತಟ್ಟನೆ ನನ್ನ ಮುಖ ನೋಡಿದರು.

"ಅಂಗಾರೆ ಬಾಗ್ಲು ದಾಟಿ ದೂರ ಓಗಿ ಕೂತ್ಕೊ. ಬಿಸ್ಲು ಬಿದ್ರೆ ಚರ್ಮ ತಡೀತೈತೆ, ಸುಟ್ರೂ ಮೇಲೇ ಸುಡ್ತೈತೆ. ಈ ಬೆಳಕು ಅಂಗಲ್ಲ, ಒಳೀಕೇ ಓಗ್ತೈತೆ. ಬೇಕಾದೋರ್ಗೆ ಮಾತ್ರ ಇದು."

ನಾನು ಜಗಲಿಯಲ್ಲಿ ಕಾದೆ. ಬಹಳ ಹೊತ್ತಿನ ಮೇಲೆ ಕರೆದು, ಒದ್ದೆಯಾಗಿದ್ದ ಪಟವನ್ನು ಬೆಳಕಿಗೆ ಹಿಡಿದು ತೋರಿಸಿದರು. ಅತ್ತೆಯ ಎಲುಬು ಬೆಳ್ಳಗೆ ಕಾಣುತ್ತಿತ್ತು, ಮುರಿದ ಕಡೆ ಒಂದರ ಮೇಲೊಂದು ಏರಿ ಕೂಡಿಕೊಂಡಿತ್ತು. ಅತ್ತೆ ಮಾತ್ರ ಪಟ ನೋಡಲಿಲ್ಲ, ಅದನ್ನು ಹಿಡಿದಿದ್ದ ಕೈ ನೋಡುತ್ತಿದ್ದರು. ಉಗುರುಗಳು ಕಪ್ಪಾಗಿ ಸೀಳಿಹೋಗಿದ್ದವು. ಚರ್ಮ ಒಣಗಿದ ಕೆರೆಯಂತೆ ಬಿರಿದಿತ್ತು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಇದೇನಪ್ಪಾ ಕೈ?" ಎಂದರು.

"ಯಂತ್ರ ಸರಿಯಾಗಿ ಬೆಳಗ್ತೈತಾ ಅಂತ ದಿನಾ ನನ್ ಕೈನೇ ಅಡ್ಡ ಇಟ್ಟು ನೋಡ್ತಿದ್ದೆ ಅವ್ವ. ಬೇರೆ ಊರಲ್ಲಿ, ಅತ್ತು ವರ್ಸ. ಆಗ ನೋವೇ ಇರ್ಲಿಲ್ಲ. ಬೇಡ ಅಂತ ಯೋಳೋರೂ ಇರ್ಲಿಲ್ಲ."

"ಈಗ್ಲಾರ ಬಿಡ್ಬಾರ್ದಾ?"

"ಬೇರೆ ಕೆಲ್ಸ ಬರಾಕಿಲ್ಲ. ಇನ್ನೊಬ್ರು ಬರೋಗಂಟ ಮಾಡ್ಬೇಕು."

ಎಲುಬನ್ನು ಮತ್ತೆ ಮುರಿದು ಕೂಡಿಸಬೇಕೆಂದು ಡಾಕ್ಟರು ಹೇಳಿದರು. ಅತ್ತೆ ಒಪ್ಪಿದರು. ಮರುದಿನ ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟು, ಎಲುಬು ಕೂಡಿಸಿ, ಮೊಣಕೈವರೆಗೆ ಸುಣ್ಣದ ಕಟ್ಟು ಹಾಕಿದರು. ಆ ಎರಡು ದಿನವೂ ಅತ್ತೆ ಬಸುರಿನ ಮಾತೆತ್ತಲಿಲ್ಲ. ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದರು.

"ನನ್ಗ್ಯಾಕ್ ಯೋಳ್ಲಿಲ್ಲ ಮಗಾ?"

"ಇದೂ ಇಳ್ದೋದ್ರೆ ಏನ್ ಮಾಡ್ಲಿ ಅಂತ, ಅತ್ತೆ."

ಅತ್ತೆ ನನ್ನ ಕಡೆಗೆ ಸರಿದು ಕೂತರು. "ನನ್ಗೂ ನಿನ್ ಗಂಡನ್ಗಿಂತ ಮುಂಚೆ ಮೂರು ಇಳ್ದೋದ್ವು. ಯಾರ್ಗೂ ಯೋಳಿಲ್ಲ. ಒಬ್ಳೇ ಅತ್ತಿದೀನಿ. ನೀನಂಗೆ ಅಳ್ಬ್ಯಾಡ," ಎಂದರು. ಕಟ್ಟು ಹಾಕಿದ ಕೈಯನ್ನು ನನ್ನ ಮಡಿಲ ಮೇಲೆ ಇಟ್ಟುಕೊಂಡು, ಊರು ಬರುವವರೆಗೂ ತೆಗೆಯಲಿಲ್ಲ. ಭಾರವಾಗಿತ್ತು, ನಾನೂ ಅಲುಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷಕ್ಕೆ ಅಂದೇ ಅವರು ನನಗೆ ತಾಯಿಯಾದರು.

ಕಟ್ಟು ಬಿಚ್ಚಿಸಲು ಆರು ವಾರದ ಮೇಲೆ ಹೋದೆವು. ಅತ್ತೆ ಮಗನಿಗೆ ಹೇಳಿ ಸಣ್ಣ ನೂಲಿನಲ್ಲಿ ಮೆತ್ತಗೆ ನೇಯಿಸಿದ ಒಂದು ತುಂಡು ಬಟ್ಟೆಯನ್ನು ಒಗೆದು, ಒಣಗಿಸಿ, ಮಡಚಿ ತಂದಿದ್ದರು. ಮೊರಪ್ಪೂರಿನವರು ಬಾಗಿಲ ಬಳಿ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಚೀಟಿ ಬರೆಯುತ್ತಿದ್ದರು. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

"ತೆಗೆದ್ಬುಟ್ರು ಅವ್ವ. ಬಿಟ್ಟಿದ್ರೆ ತೋಳಿಗೇ ಏರ್ತಿತ್ತಂತೆ."

ಅತ್ತೆ ಬಟ್ಟೆಯನ್ನು ಅವರ ಎಡಗೈಗೆ ಕೊಟ್ಟರು. ಅವರು ಅದನ್ನು ಕೆನ್ನೆಗೆ ಒತ್ತಿ ನೋಡಿದರು. ಕಣ್ಣಲ್ಲಿ ನೀರು ಬಂತು. ಮರೆಸಲು ಹೋಗಲಿಲ್ಲ.

"ಮೆತ್ಗೈತೆ. ಒರಟು ಬಟ್ಟೆ ತಾಗಿದ್ರೆ ರಾತ್ರಿಯೆಲ್ಲ ಉರೀತದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಎಂಗಿದೀಯ ತಾಯಿ?" ಎಂದು ಕೇಳಿದರು. ಹೊಟ್ಟೆಯಲ್ಲಿರುವುದೂ ನಾನೂ ಚೆನ್ನಾಗಿದ್ದೇವೆ ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕಪ್ಪು ಬಟ್ಟೆಯ ಕೋಣೆಯಲ್ಲಿ ಈಗ ಹೊಸಬರು. ಅತ್ತೆ ಹಲಗೆಯ ಮೇಲೆ ಕೈ ಇಡುವ ಮೊದಲು, "ನಿನ್ ಕೈ ತೋರ್ಸಪ್ಪಾ," ಎಂದರು. ಅವರಿಗೆ ಕನ್ನಡ ಬಾರದು. ನಾನು ತಮಿಳಿನಲ್ಲಿ ಹೇಳಿದೆ. ಅವರು ನಗುತ್ತ ಮೊಣಕೈವರೆಗೆ ಬರುವ ದಪ್ಪ ಕೈಗವಸುಗಳನ್ನು ಕಳಚಿ ಎರಡೂ ಕೈ ಚಾಚಿದರು. ಮೊರಪ್ಪೂರಿನವರೇ ಹಟ ಹಿಡಿದು ತರಿಸಿಕೊಟ್ಟದ್ದಂತೆ, ಒಳಗೆ ಸೀಸ ಇದೆಯಂತೆ. ಅತ್ತೆ ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದರು.

ಅತ್ತೆಯ ಮಣಿಕಟ್ಟು ಪೂರ್ತಿ ತಿರುಗಲಿಲ್ಲ, ಆದರೆ ರಾಟೆಗೆ ಸಾಕಾಗುವಷ್ಟು ತಿರುಗಿತು. ಅವರು ದಿನಕ್ಕೆ ಮೊದಲಿನ ಅರ್ಧದಷ್ಟು ಕಂಡಿಕೆ ಸುತ್ತುತ್ತಿದ್ದರು, ಉಳಿದದ್ದು ನನ್ನದು. ನನಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆಯ ಮೂರನೆಯ ದಿನ, ಸೇಲಂಗೆ ಹೊರಟಿದ್ದ ಪಕ್ಕದ ಮನೆಯವರನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಆಸ್ಪತ್ರೆಯ ಮೇಜಿನಲ್ಲಿ ಕೂರುವ ಮೊರಪ್ಪೂರಿನವರಿಗೆ ಮಗು ಉಳಿಯಿತೆಂದು ತಪ್ಪದೆ ತಿಳಿಸಿ ಬರಲು ಹೇಳಿದರು.