ಹೊಲಿದು ಬಿಚ್ಚುವ ದರ್ಜಿ

ಆ ದರ್ಜಿ ತಾನು ಹೊಲಿದದ್ದನ್ನೆಲ್ಲ ಸೊಟ್ಟಗಿದೆಯೆಂದು ತಾನೇ ಬಿಚ್ಚುತ್ತಿದ್ದ. ಮಗಳ ಮದುವೆಯ ಉಡುಪನ್ನೂ ನಾಲ್ಕು ಸಲ ಬಿಚ್ಚಿದ. "ಅಪ್ಪಾ, ಯಾರಾದ್ರೂ ಮನಸ್ಸಿನ ಡಾಕ್ಟರಿಗೆ ತೋರಿಸ್ಕೊಂಡು ಬಾ. ಇಲ್ಲಾಂದ್ರೆ ನಾನು ರೆಡಿಮೇಡ್ ತಗೋತೀನಿ" ಎಂದಳು ಮಗಳು. ದರ್ಜಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಮನೋವಿಶ್ಲೇಷಕಿಯ ಮಂಚದ ಮೇಲೆ ಮಲಗಿ ಎರಡು ತಿಂಗಳು ಆಕೆಯ ಪರದೆ, ದಿಂಬುಗಳ ಹೊಲಿಗೆಯನ್ನೇ ಆಡಿಕೊಂಡ. ಒಂದು ದಿನ, "ಇಂಥ ದಿಂಬು ಹೊಲಿದಿದ್ರೆ ನಮ್ಮಪ್ಪ ಕೆನ್ನೆಗೆ ಬಾರಿಸಿ ಬಿಚ್ಚಿಸ್ತಿದ್ರು" ಎಂದ.

"ಅವರು ಈಗ ಎಲ್ಲಿದ್ದಾರೆ?"

"ತೀರಿಕೊಂಡು ಇಪ್ಪತ್ತು ವರ್ಷ ಆಯ್ತು."

"ಮತ್ತೆ ಈಗ ಬಿಚ್ಚಿಸ್ತಿರೋರು ಯಾರು?"

ಮುಂದಿನ ವಾರಗಳಲ್ಲಿ ಬಾಯಿಬಡುಕ ದರ್ಜಿ ದಿಂಬು ಬಿಟ್ಟು ಅಪ್ಪನ ಬಗ್ಗೆ ಮಾತಾಡಿದ.

ಮದುವೆಯ ದಿನ ಉಡುಪು ನೋಡಿ ಮಗಳು ಕೇಳಿದಳು: "ಎಡತೋಳು ಚೂರು ಸೊಟ್ಟ ಅಲ್ವೇನಪ್ಪಾ?"

"ಹೌದು ಕಣೇ. ಇರಲಿ, ಹಾಕ್ಕೋ. ನಿಮ್ಮ ತಾತನಿಗೆ ಮಾತ್ರ ಹೇಳ್ಬೇಡ."