ಆಯಿ ರೊಟ್ಟಿ ತೆಗೆದುಕೊಳ್ಳದ ಭಾನುವಾರ

ಡಾಂಬರ್ ಗುಳಿಗೆಯ ವಾಸನೆ ಬಂದರೆ ನನಗೆ ಇವತ್ತಿಗೂ ಭಾನುವಾರ ಎನ್ನಿಸುತ್ತದೆ. ಹೋದ ತಿಂಗಳು ಹುಮ್ನಾಬಾದಿನಲ್ಲಿ, ನಾನು ನರ್ಸ್ ಆಗಿರುವ ವಾರ್ಡಿನಲ್ಲಿ, ಒಬ್ಬ ಮುದುಕಿಯ ಸೀರೆಯಿಂದ ಆ ವಾಸನೆ ಬಂತು. ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದವಳು ಒಂದು ಗಳಿಗೆ ಹಾಗೇ ನಿಂತೆ. ರಾಜೇಶ್ವರದ ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಅದರೊಳಗೆ ಆಯಿಯ ಬಿಳಿ ಸೀರೆ ಆರು ದಿನ ಮಡಿಕೆಯಲ್ಲಿ ಮಲಗಿದ್ದು ಏಳನೆಯ ದಿನ ಮಾತ್ರ ಹೊರಗೆ ಬರುತ್ತಿತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಸುಂದ್ರಮ್ಮ. ವಾರವೆಲ್ಲ ತೊಗರಿ ಹೊಲದಲ್ಲಿ ಕಳೆ ತೆಗೆದು, ಕೈ ಒರಟಾಗಿ, ಉಗುರಿನ ಸಂದಿಯಲ್ಲಿ ಕರಿಮಣ್ಣು ಕೂತಿರುತ್ತಿದ್ದ ಹೆಂಗಸು. ಭಾನುವಾರ ಮುಂಜಾನೆ ಆ ಕೈಗಳನ್ನು ಬೂದಿ ಹಚ್ಚಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಅಕ್ಷರ ಬಾರದಿದ್ದರೂ ಕೀರ್ತನೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ನಮ್ಮ ಚರ್ಚಿನ ಸಭೆಯಲ್ಲಿ ಇಪ್ಪತ್ತೈದು ಮೂವತ್ತು ಮನೆಗಳು. ಶುಕ್ರವಾರದ ಹೆಣ್ಣುಮಕ್ಕಳ ಪ್ರಾರ್ಥನೆ ನಡೆಸುವವಳು ಆಯಿಯೇ. ಯೇಸುವಿನ ನೆನಪಿಗೆ ಪಾಸ್ಟರ್ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಹೆಂಗಸರ ಸಾಲಿನಲ್ಲಿ ಮೊದಲು ಮೊಣಕಾಲೂರುವವಳೂ ಅವಳೇ.

ಅಜ್ಜ ತೀರಿಕೊಂಡಾಗ ನನಗೆ ಏಳು ವರ್ಷ. ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದು ಕೂತ ಮೇಲೆ ಆಯಿಯ ತಂಗಿ ಶಾಂತಮ್ಮ ಚಿಟಗುಪ್ಪದಿಂದ ಏದುಸಿರು ಬಿಡುತ್ತ ಬಂದಳು. ಅಂಗಳದಲ್ಲಿ ಊಟಕ್ಕೆ ಪತ್ರಾವಳಿ ಹಾಕುತ್ತಿದ್ದರು. ಆಯಿ ಕೂತಲ್ಲಿಂದಲೇ, "ಎಲ್ಲಾ ಮುಗದ ಮ್ಯಾಲ ಯಾಕ ಬಂದಿ? ಉಣ್ಣಾಕ ಬಂದಿಯೇನು?" ಎಂದುಬಿಟ್ಟಳು. ಇಡೀ ಅಂಗಳ ಕೇಳಿಸಿಕೊಂಡಿತು. ಶಾಂತಮ್ಮ ಚಪ್ಪಲಿಯನ್ನೂ ಬಿಡಲಿಲ್ಲ, ಬಂದ ದಾರಿಯಲ್ಲೇ ತಿರುಗಿ ಹೋದಳು. ಮೂರು ವರ್ಷ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ಆ ಮೂರು ವರ್ಷವೂ ಆಯಿ ಶುಕ್ರವಾರ ತಪ್ಪಿಸಲಿಲ್ಲ, ಪ್ರಾರ್ಥನೆಯ ಶಬ್ದಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ. ಮನೆಯಲ್ಲಿ ಮಾತ್ರ ಶಾಂತಮ್ಮನ ಹೆಸರು ಬಂದರೆ ಎದ್ದು ಒಲೆಯ ಕಡೆಗೆ ಹೋಗುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಭಾನುವಾರ ಕರ್ತನ ಭೋಜನವಿತ್ತು. ಗಂಡಸರ ಸರದಿ ಮುಗಿದು ಪಾಸ್ಟರ್ ಹೆಂಗಸರ ಕಡೆ ನೋಡಿದರು. ಆಗಷ್ಟೇ ಬಂದಿದ್ದ ಹೊಸ ಪಾಸ್ಟರ್, ಇನ್ನೂ ಎಳೆಯ ವಯಸ್ಸು. ಆಯಿ ಎದ್ದಳು, ಮುಂದೆ ಹೋಗಲಿಲ್ಲ. ಅವಳ ಹಿಂದಿನ ಸಾಲೂ ನಿಂತಿತು.

"ಸಾಹೇಬ್ರ, ನಾ ಇವತ್ತು ತಗೋಳಾಂಗಿಲ್ಲ್ರಿ."

ಪಾಸ್ಟರ್ ಮೆಲ್ಲಗೆ, "ಆಯಿ, ಏನಿದ್ರೂ ಆಮ್ಯಾಲ ಮಾತಾಡೋಣಂತ, ಈಗ ಬರ್ರಿ" ಎಂದರು.

"ಇಲ್ರಿ. ನನ್ನ ಬಾಯಿ ಅಷ್ಟ ಪ್ರಾರ್ಥನಿ ಮಾಡಾಕತ್ತದ. ಒಡಹುಟ್ಟಿದಾಕಿ ಜೋಡಿ ಮೂರು ವರ್ಷದಿಂದ ಮಾತಿಲ್ಲ. ಈ ರೊಟ್ಟಿ ನನ್ನ ಗಂಟಲದಾಗ ಇಳಿಯೂದಿಲ್ರಿ."

ಹೇಳಿ, ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತಳು. ಒಳಗೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಭೆಯ ಹಿರಿಯನಾಗಿದ್ದ ಅಪ್ಪ ತಲೆ ತಗ್ಗಿಸಿದ್ದ. ಮನೆಗೆ ಬಂದ ಮೇಲೆ, "ಮಂದಿ ಮುಂದ ಮನಿ ಮಾನ ಕಳದಿ ಅವ್ವಾ" ಎಂದು ಕೂಗಾಡಿದ. ಮರುದಿನ ಆಯಿ ನಾಲ್ಕು ಜೋಳದ ರೊಟ್ಟಿ, ಪುಂಡಿ ಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡು, ನನ್ನ ಶಾಲೆ ತಪ್ಪಿಸಿ ಜೊತೆಗೆ ಕರೆದುಕೊಂಡು ಹೊರಟಳು. ಹುಮ್ನಾಬಾದಿನಲ್ಲಿ ಬಸ್ಸು ಬದಲಿಸಿ ಚಿಟಗುಪ್ಪ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು.

ಶಾಂತಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿದಳು, ಏಳಲಿಲ್ಲ, ಬಾ ಎನ್ನಲೂ ಇಲ್ಲ. ಆಯಿ ಅವಳ ಎದುರಿಗೆ ನೆಲದ ಮೇಲೆ ಕೂತು ಒಂದು ಬೊಗಸೆ ಜೋಳ ತನ್ನ ಕಡೆ ಎಳೆದುಕೊಂಡು ಹರಳು ಆರಿಸತೊಡಗಿದಳು. ಇಬ್ಬರೂ ಬಹಳ ಹೊತ್ತು ಹಾಗೇ ಕೆಲಸ ಮಾಡಿದರು. ನಾನು ಗೋಡೆಗೊರಗಿ ನಿಂತು, ಇವರು ಮಾತಾಡದೆಯೇ ಜೋಳವೆಲ್ಲ ಮುಗಿಸುತ್ತಾರೇನೋ ಅಂದುಕೊಂಡೆ.

ಕೊನೆಗೆ ಆಯಿ, "ಶಾಂತಾ, ಅವತ್ತು ನಾ ಹಂಗ ಅನಬಾರದಿತ್ತು. ತಪ್ಪಾತವ್ವಾ" ಎಂದಳು.

ಶಾಂತಮ್ಮನ ಕೈ ನಿಂತಿತು. "ಅವತ್ತು ಮುಂಜಾನಿಂದ ಹುಮ್ನಾಬಾದ ಸ್ಟ್ಯಾಂಡಿನಾಗ ನಿಂತಿದ್ನೆಕ್ಕಾ. ಬಸ್ಸ ಬರಲಿಲ್ಲ."

"ಹೇಳಬೇಕಿತ್ತಲ್ಲ?"

"ನೀ ಹೇಳಾಕ ಎಲ್ಲಿ ಬಿಟ್ಟಿ?"

ಇಬ್ಬರೂ ಅಪ್ಪಿಕೊಂಡು ಅಳಲಿಲ್ಲ. ಶಾಂತಮ್ಮ ಮೂಗು ಒರೆಸಿಕೊಂಡು, "ಆ ಮಾತು ಮರಿಯೂದು ನನಗ ಲಗೂನ ಆಗೂದಿಲ್ಲ. ಆದ್ರ ಉಂಡು ಹೋಗು. ನನ್ನ ಬಾಗಲಿಗೆ ಬಂದವ್ರನ್ನ ನಾ ಹಂಗ ಕಳಸಾಂಗಿಲ್ಲ" ಎಂದಳು. ಆ ಮಾತು ಆಯಿಗೆ ನಾಟಿತು. ನಾಟಲೆಂದೇ ಹೇಳಿದ್ದಳು. ಆಯಿ ಅದನ್ನು ನುಂಗಿಕೊಂಡಳು, ಒಳಗೆ ಹೋಗಿ ತಟ್ಟೆ ಹಾಕಿಕೊಂಡು ಕೂತಳು. ಆಮೇಲೆ ಪ್ರತಿ ಕ್ರಿಸ್ಮಸ್ಸಿಗೆ ಶಾಂತಮ್ಮ ನಮ್ಮ ಮನೆಗೆ ಬರುತ್ತಿದ್ದಳು. ಕರಿದ ಕರ್ಜಿಕಾಯಿ ಕೆಂಪಾಯಿತು, ಬೆಳ್ಳಗಾಯಿತು ಎಂದು ಇಬ್ಬರೂ ಜಗಳಾಡುತ್ತಿದ್ದರು.

ಮುಂದಿನ ಭೋಜನದಂದು ಪಾಸ್ಟರ್ ರೊಟ್ಟಿ ಮುರಿಯುವ ಮೊದಲು ಓದುವುದನ್ನು ನಿಲ್ಲಿಸಿ, ಯಾರ ಮನಸ್ಸಿನಲ್ಲಾದರೂ ಏನಾದರೂ ಇದ್ದರೆ ಸಮಾಧಾನ ಮಾಡಿಕೊಂಡು ಬನ್ನಿ, ನಾವು ಕಾಯುತ್ತೇವೆ ಎಂದರು. ಆ ದಿನ ಯಾರೂ ಅಲುಗಾಡಲಿಲ್ಲ. ಅದರ ಮುಂದಿನ ಸಲ ಇಬ್ಬರು ವಾರಗಿತ್ತಿಯರು ಒಬ್ಬರ ಹಿಂದೆ ಒಬ್ಬರು ಹೊರಗೆ ಹೋಗಿ, ಕಣ್ಣು ಕೆಂಪು ಮಾಡಿಕೊಂಡು ಒಳಗೆ ಬಂದರು. ಹಾಡುವಾಗ ಎಲ್ಲರ ಧ್ವನಿ ಬೇರೆಯಾಯಿತು ಎಂದು ನನಗನ್ನಿಸಿತ್ತು. ಮಗುವಿನ ಕಲ್ಪನೆಯೂ ಇರಬಹುದು. ಕೆಲವು ವರ್ಷ ಆ ಕಾಯುವಿಕೆಗೆ ಜೀವವಿತ್ತು. ಆ ಪಾಸ್ಟರ್‌ಗೆ ವರ್ಗವಾದ ಮೇಲೆ ಅದೂ ಒಂದು ರೂಢಿಯಾಯಿತು. ಈಗ ಆ ಹೊತ್ತಿಗೆ ಕೀಬೋರ್ಡ್ ಸಣ್ಣಗೆ ನುಡಿಯುತ್ತದೆ, ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿ ನಗುತ್ತಾರೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ನಾನೂ ಕುಲುಕಿದ್ದೇನೆ.

ಆಯಿ ಹೋದಳು, ಎರಡು ವರ್ಷದ ಮೇಲೆ ಶಾಂತಮ್ಮನೂ ಹೋದಳು. ನಮ್ಮ ಮಣ್ಣಿನ ಮನೆ ರಸ್ತೆ ಅಗಲವಾಗುವಾಗ ಹೋಯಿತು. ಒಲೆ ಇದ್ದ ಜಾಗದಲ್ಲಿ ಈಗ ಲಾರಿಗಳು ಓಡುತ್ತವೆ. ಚರ್ಚಿಗೆ ಸಿಮೆಂಟಿನ ಛಾವಣಿ ಬಂದಿದೆ. ಈಚೆಗೆ ಒಂದು ಶುಕ್ರವಾರ ನನಗೆ ರಜೆಯಿತ್ತು, ಊರಿಗೆ ಹೋಗಿದ್ದೆ. ಹೆಣ್ಣುಮಕ್ಕಳ ಪ್ರಾರ್ಥನೆಗೆ ನನ್ನನ್ನು ಬಿಟ್ಟರೆ ಏಳೇ ಜನ. ಏನಾದರೂ ಹೇಳಿ ಎಂದು ಒತ್ತಾಯಿಸಿದರು. ಉಪದೇಶ ನನಗೆ ಬರುವುದಿಲ್ಲ, ಈ ಕಥೆಯನ್ನೇ ಹೇಳಿದೆ. ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ಅಷ್ಟು ಮಂದಿ ಮುಂದ ಹೇಳಿ, ಮತ್ತ ಅಲ್ಲಿತನಕ ಹೋಗಿ... ಆಯಿಗ ಅಂಜಿಕಿ ಆಗಲಿಲ್ಲೇನ್ರಿ?"

ಇಲ್ಲ, ಆಯಿ ಗಟ್ಟಿ ಹೆಂಗಸು ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಚಿಟಗುಪ್ಪದಲ್ಲಿ ಬಸ್ಸಿಳಿದ ಮೇಲೆ ಆಯಿ ಎರಡು ಸಲ ದಾರಿ ತಪ್ಪಿದ್ದಳು. ತಂಗಿಯ ಮನೆಯ ದಾರಿ ಅವಳಿಗೆ ಗೊತ್ತಿಲ್ಲದ್ದಲ್ಲ. ಓಣಿಯ ಮೂಲೆಯಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಿದ್ದಳು. ಬೇಸಿಗೆಯ ಮಧ್ಯಾಹ್ನ ಆ ಒರಟು ಕೈ ತಣ್ಣಗಿತ್ತು.

"ಆಗಿತ್ತವ್ವಾ," ಎಂದೆ. "ಭಾಳ ಅಂಜಿದ್ಲು."

ಪ್ರಾರ್ಥನೆ ಯಾರು ಮಾಡುತ್ತೀರಿ ಎಂದು ಅವರಲ್ಲೊಬ್ಬಳು ಕೇಳಿದಾಗ, ಬರೀ ಬಾಯಿಂದ ಶುರುಮಾಡಲು ಯಾರೂ ಮುಂದಾಗಲಿಲ್ಲ. ನಾವು ಎಂಟೂ ಜನ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತೆವು.